ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ (1903–1988): ಶಾಸನಸಭೆಗೆ ಸ್ಪರ್ಧಿಸಿದ ಪ್ರಥಮ ಮಹಿಳೆ

ಪರಿಚಯ

ನಾಡಿನ ಕರಕುಶಲ ಕಲೆಗಳ ಪುನರುತ್ಥಾನಕ್ಕೆ ಕಾರಣರಾದ ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯ ಅವರ ಹೆಸರು ಕರ್ನಾಟಕದ ಜನತೆಗೆ ಚಿರಪರಿಚಿತವಾದುದು. ಆದರೆ ಮಂಗಳೂರಿನಲ್ಲಿ ಜನಿಸಿದ ಈ ಮಹಿಳೆ ತಮ್ಮ ಇಪ್ಪತ್ಮೂರನೆಯ ವಯಸ್ಸಿನಲ್ಲಿ ಮದ್ರಾಸ್ ಪ್ರಾಂತ್ಯದ ಶಾಸನ ಪರಿಷತ್ತಿನ ಚುನಾವಣೆಗೆ ನಿಂತಿದ್ದರೆಂಬುದು ಅಷ್ಟಾಗಿ ತಿಳಿದಿಲ್ಲ. ಬ್ರಿಟಿಷ್ ಭಾರತದಲ್ಲಿ ಶಾಸನಸಭೆಯ ಸ್ಥಾನವೊಂದಕ್ಕೆ ಸ್ಪರ್ಧಿಸಿದ ಪ್ರಥಮ ಮಹಿಳೆಯೆಂದು ಅವರನ್ನು ಗುರುತಿಸಲಾಗುತ್ತದೆ. ಆ ಚುನಾವಣೆಯಲ್ಲಿ ಅವರು ಅತ್ಯಲ್ಪ ಅಂತರದಿಂದ ಪರಾಭವಗೊಂಡರು. ಸೋತರೂ ಆ ಸ್ಪರ್ಧೆ ವ್ಯರ್ಥವಾಗಲಿಲ್ಲ. ಇಂದು ಮತದಾರರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಳ್ಳುವ, ಗ್ರಾಮ ಪಂಚಾಯತಿಯಿಂದ ವಿಧಾನಸಭೆಯವರೆಗೆ ಚುನಾವಣೆಗೆ ನಿಲ್ಲುವ ಪ್ರತಿಯೊಬ್ಬ ಮಹಿಳೆಯೂ ಬಳಸುತ್ತಿರುವ ಹಕ್ಕು ಯಾವ ಹಂತಗಳನ್ನು ದಾಟಿ ಬಂದಿತೆಂಬುದನ್ನು ಅವರ ಜೀವನ ತಿಳಿಸುತ್ತದೆ. ಸಾರ್ವಜನಿಕರ ಮಾಹಿತಿಗಾಗಿ ಅವರ ಜೀವನದ ಮುಖ್ಯ ಘಟ್ಟಗಳನ್ನು ಇಲ್ಲಿ ನೀಡಲಾಗಿದೆ.

ಜನನ ಮತ್ತು ಬಾಲ್ಯ

ಕಮಲಾದೇವಿಯವರು 1903ರ ಏಪ್ರಿಲ್ 3ರಂದು ಮಂಗಳೂರಿನ ಚಿತ್ರಾಪುರ ಸಾರಸ್ವತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರ ಅವರು ಉನ್ನತ ಸರ್ಕಾರಿ ಅಧಿಕಾರಿಯಾಗಿದ್ದರು. ತಾಯಿ ಗಿರಿಜಾಬಾಯಿಯವರು ಆ ಕಾಲಕ್ಕೆ ಅಪರೂಪವೆನ್ನುವಂತೆ ವಿದ್ಯಾವತಿಯಾಗಿದ್ದು, ಸ್ವತಂತ್ರ ಮನೋಭಾವದವರಾಗಿದ್ದರು. ಅಂದಿನ ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು.

ಕಮಲಾದೇವಿಯವರಿಗೆ ಏಳು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಅವರು ಉಯಿಲು ಬರೆದಿಟ್ಟಿರಲಿಲ್ಲ. ಅಂದು ಜಾರಿಯಲ್ಲಿದ್ದ ಕಾನೂನಿನಂತೆ ಕುಟುಂಬದ ಆಸ್ತಿಯೆಲ್ಲವೂ ತಂದೆಯ ಮೊದಲ ವಿವಾಹದಿಂದ ಜನಿಸಿದ ಮಗನಿಗೆ ಸೇರಿತು. ಪತ್ನಿಗೂ ಪುತ್ರಿಗೂ ಅದರಲ್ಲಿ ಪಾಲಿರಲಿಲ್ಲ. ಜೀವನಾಂಶ ಮಾತ್ರ ದೊರೆಯುವಂತಿತ್ತು. ಸ್ವಾಭಿಮಾನಿಯಾದ ಗಿರಿಜಾಬಾಯಿಯವರು ಆ ಜೀವನಾಂಶವನ್ನು ನಿರಾಕರಿಸಿ, ತವರಿನಿಂದ ತಮಗೆ ಬಂದಿದ್ದ ಸ್ವತ್ತಿನ ಆಧಾರದ ಮೇಲೆ ಮಗಳನ್ನು ಬೆಳೆಸಿದರು. ಹಿರಿಯ ಸೋದರಿ ಸಗುಣಾ ಅವರೂ ಎಳೆಯ ವಯಸ್ಸಿನಲ್ಲಿಯೇ ನಿಧನರಾದರು.

ಅದೇ ಜಿಲ್ಲೆಯಲ್ಲಿ ಬಂಟರೂ ಸೇರಿದಂತೆ ಕೆಲವು ಸಮುದಾಯಗಳಲ್ಲಿ ಅಳಿಯಸಂತಾನ ಪದ್ಧತಿ ರೂಢಿಯಲ್ಲಿದ್ದು, ಆಸ್ತಿಯ ಹಕ್ಕು ಹೆಣ್ಣಿನ ಪೀಳಿಗೆಯ ಮೂಲಕ ಸಾಗುತ್ತಿತ್ತು. ಒಂದೇ ಊರಿನಲ್ಲಿ ಒಂದು ಮನೆಯ ಮಗಳಿಗೆ ಇದ್ದ ಹಕ್ಕು ಪಕ್ಕದ ಮನೆಯ ಮಗಳಿಗೆ ಇರಲಿಲ್ಲ. ಮಹಿಳೆಗೆ ಸಿಗಬೇಕಾದುದು ಕುಟುಂಬದವರ ಔದಾರ್ಯವಲ್ಲ, ಕಾನೂನಿನ ರಕ್ಷಣೆ ಎಂಬ ಪಾಠವನ್ನು ಕಮಲಾದೇವಿಯವರ ಮನೆಯ ಪರಿಸ್ಥಿತಿ ಬಾಲ್ಯದಲ್ಲಿಯೇ ಕಲಿಸಿತು. ಕಾನೂನನ್ನು ರೂಪಿಸುವ ಸಭೆಗಳಲ್ಲಿ ಆಗ ಮಹಿಳೆಯರಿಗೆ ಪ್ರವೇಶವಿರಲಿಲ್ಲ.

ವಿವಾಹ ಮತ್ತು ವಿದ್ಯಾಭ್ಯಾಸ

ಅಂದಿನ ಪದ್ಧತಿಯಂತೆ 1917ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಕಮಲಾದೇವಿಯವರ ವಿವಾಹವಾಯಿತು. ಎರಡು ವರ್ಷಗಳಲ್ಲಿಯೇ ಅವರು ವಿಧವೆಯಾದರು. ವಿಧವಾ ವಿವಾಹಕ್ಕೆ 1856ರಲ್ಲಿಯೇ ಕಾನೂನಿನ ಮಾನ್ಯತೆ ದೊರೆತಿದ್ದರೂ ಸಮಾಜವು ಅದನ್ನು ಒಪ್ಪಿರಲಿಲ್ಲ. ತಾಯಿಯ ಬೆಂಬಲದಿಂದ ಕಮಲಾದೇವಿಯವರು ವಿದ್ಯಾಭ್ಯಾಸವನ್ನು ಮುಂದುವರಿಸಿ, ಮದ್ರಾಸಿನ ಕ್ವೀನ್ ಮೇರಿ ಕಾಲೇಜನ್ನು ಸೇರಿದರು. ಅಲ್ಲಿ ಸಹಪಾಠಿಯಾಗಿದ್ದ ಸುಹಾಸಿನಿ ಚಟ್ಟೋಪಾಧ್ಯಾಯ ಅವರ ಮೂಲಕ, ಅವರ ಸೋದರ, ಕವಿ ಹಾಗೂ ನಾಟಕಕಾರ ಹರೀಂದ್ರನಾಥ ಚಟ್ಟೋಪಾಧ್ಯಾಯ ಅವರ ಪರಿಚಯವಾಯಿತು. ಶ್ರೀಮತಿ ಸರೋಜಿನಿ ನಾಯ್ಡು ಅವರು ಈ ಸೋದರ ಸೋದರಿಯರ ಹಿರಿಯಕ್ಕ. ಸಂಪ್ರದಾಯಸ್ಥರ ತೀವ್ರ ವಿರೋಧದ ನಡುವೆಯೂ ಕಮಲಾದೇವಿ ಮತ್ತು ಹರೀಂದ್ರನಾಥರು ವಿವಾಹವಾದರು. ಇವರಿಗೆ ಒಬ್ಬ ಪುತ್ರ. ಕಾಲಾಂತರದಲ್ಲಿ ದಂಪತಿಗಳು ಬೇರ್ಪಟ್ಟರು.

ವಿವಾಹದ ನಂತರ ಲಂಡನ್ನಿಗೆ ತೆರಳಿದ ಕಮಲಾದೇವಿಯವರು ಲಂಡನ್ ವಿಶ್ವವಿದ್ಯಾಲಯದ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರವನ್ನು ಅಭ್ಯಾಸ ಮಾಡಿದರು. ಗಾಂಧೀಜಿಯವರ ಅಸಹಕಾರ ಚಳವಳಿಯಿಂದ ಪ್ರೇರಿತರಾಗಿ ಸ್ವದೇಶಕ್ಕೆ ಮರಳಿ, ರಾಷ್ಟ್ರೀಯ ಕಾರ್ಯಕ್ಕೆ ತಮ್ಮನ್ನು ಸಮರ್ಪಿಸಿಕೊಂಡರು.

ಸೇವಾದಳದ ಸ್ವಯಂಸೇವಕಿ

1923ರ ಕೊನೆಯಲ್ಲಿ ಡಾ. ನಾ. ಸು. ಹರ್ಡೀಕರ್ ಅವರ ನೇತೃತ್ವದಲ್ಲಿ ಹಿಂದೂಸ್ತಾನಿ ಸೇವಾದಳವು ಸ್ಥಾಪನೆಯಾಯಿತು. ಹುಬ್ಬಳ್ಳಿಯು ಅದರ ಕಾರ್ಯಕೇಂದ್ರವಾಗಿತ್ತು. ಶಿಸ್ತು, ಶ್ರಮ ಮತ್ತು ನಿಸ್ವಾರ್ಥ ಸೇವೆಯೇ ಅದರ ಉದ್ದೇಶ. 1924ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯಲ್ಲಿ ನಡೆದ ಕಾಂಗ್ರೆಸ್ ಅಧಿವೇಶನದಲ್ಲಿ ಶ್ರೀಮತಿ ಉಮಾಬಾಯಿ ಕುಂದಾಪುರ ಅವರು ಸಂಘಟಿಸಿದ ಮಹಿಳಾ ಸ್ವಯಂಸೇವಕಿಯರ ದಳವು ಎಲ್ಲರ ಮೆಚ್ಚುಗೆ ಗಳಿಸಿತು. ಮನೆಯ ಹೊಸ್ತಿಲು ದಾಟದ ಹೆಣ್ಣುಮಕ್ಕಳು, ಬಾಲವಿಧವೆಯರು ಈ ದಳದ ಮೂಲಕ ಪ್ರಥಮ ಬಾರಿಗೆ ಸಾರ್ವಜನಿಕ ಕಾರ್ಯಕ್ಕೆ ಬಂದರು.

ಕಮಲಾದೇವಿಯವರೂ ಸೇವಾದಳವನ್ನು ಸೇರಿ, ಅದರ ಮಹಿಳಾ ವಿಭಾಗದ ಹೊಣೆಯನ್ನು ನಿರ್ವಹಿಸಿದರು. ಸ್ವಯಂಸೇವಕಿಯರನ್ನು ಒಟ್ಟುಗೂಡಿಸುವುದು, ಅವರಿಗೆ ತರಬೇತಿ ನೀಡುವುದು, ಶಿಬಿರಗಳ ವ್ಯವಸ್ಥೆ ನೋಡಿಕೊಳ್ಳುವುದು ಅವರ ಕಾರ್ಯವಾಗಿತ್ತು. ಮನೆಮನೆಗೆ ಹೋಗಿ ಜನರನ್ನು ಕಂಡು ಮಾತನಾಡುವ, ಸಣ್ಣ ಸಣ್ಣ ಕೆಲಸಗಳನ್ನು ವ್ಯವಸ್ಥಿತವಾಗಿ ಮಾಡಿ ಮುಗಿಸುವ ಅಭ್ಯಾಸ ಅವರಿಗೆ ಇಲ್ಲಿಯೇ ಬೆಳೆಯಿತು. ಪದವಿಯಿಂದಲ್ಲದೆ ಸೇವೆಯಿಂದ ಜನಜೀವನಕ್ಕೆ ಬಂದವರೆಂಬುದು ಅವರ ಮುಂದಿನ ಎಲ್ಲ ಕಾರ್ಯಗಳ ಹಿನ್ನೆಲೆಯಾಗಿದೆ.

ಮಹಿಳೆಯರ ಮತದಾನದ ಹಕ್ಕಿನ ಹಿನ್ನೆಲೆ

1917ರಲ್ಲಿ ಮದ್ರಾಸಿನ ಅಡ್ಯಾರಿನಲ್ಲಿ ಭಾರತೀಯ ಮಹಿಳಾ ಸಂಘವು ಸ್ಥಾಪನೆಯಾಯಿತು. ಅದರ ಸ್ಥಾಪಕರಲ್ಲಿ ಐರ್ಲೆಂಡಿನಿಂದ ಬಂದು ಭಾರತದಲ್ಲಿ ನೆಲೆಸಿದ್ದ ಶ್ರೀಮತಿ ಮಾರ್ಗರೆಟ್ ಕಸಿನ್ಸ್ ಅವರು ಪ್ರಮುಖರು. ಅದೇ ವರ್ಷದ ಡಿಸೆಂಬರಿನಲ್ಲಿ ಶ್ರೀಮತಿ ಸರೋಜಿನಿ ನಾಯ್ಡು ಅವರ ನೇತೃತ್ವದ ಮಹಿಳಾ ನಿಯೋಗವೊಂದು ಬ್ರಿಟಿಷ್ ಸರ್ಕಾರದ ಭಾರತ ಮಂತ್ರಿ ಮಾಂಟೆಗು ಅವರನ್ನು ಮದ್ರಾಸಿನಲ್ಲಿ ಭೇಟಿಯಾಗಿ, ಪುರುಷರಿಗೆ ನೀಡುವ ಮತದಾನದ ಹಕ್ಕನ್ನು ಮಹಿಳೆಯರಿಗೂ ನೀಡಬೇಕೆಂದು ಕೋರಿತು.

1919ರ ಭಾರತ ಸರ್ಕಾರ ಕಾಯ್ದೆಯು ಈ ಕೋರಿಕೆಯನ್ನು ನೇರವಾಗಿ ಮನ್ನಿಸಲಿಲ್ಲ. ಮಹಿಳೆಯರಿಗೆ ಮತದಾನದ ಹಕ್ಕು ನೀಡಬೇಕೇ ಬೇಡವೇ ಎಂಬ ನಿರ್ಧಾರವನ್ನು ಆಯಾ ಪ್ರಾಂತ್ಯದ ಶಾಸನ ಪರಿಷತ್ತುಗಳಿಗೆ ಬಿಡಲಾಯಿತು. 1921ರಲ್ಲಿ ಮದ್ರಾಸ್ ಪ್ರಾಂತ್ಯವು ಇತರ ಪ್ರಾಂತ್ಯಗಳಿಗಿಂತ ಮೊದಲು ಈ ಹಕ್ಕನ್ನು ನೀಡಿತು. ಆದರೆ ಈ ಹಕ್ಕಿಗೆ ಎರಡು ಮಿತಿಗಳಿದ್ದವು.

1. ಮತದಾನದ ಹಕ್ಕು ಆಸ್ತಿ, ಭೂಕಂದಾಯ ಅಥವಾ ತೆರಿಗೆಯನ್ನು ಆಧರಿಸಿತ್ತು. ತಮ್ಮ ಹೆಸರಿನಲ್ಲಿ ಆಸ್ತಿ ಹೊಂದಿದ ಮಹಿಳೆಯರು ಅತಿ ವಿರಳವಾಗಿದ್ದುದರಿಂದ ಮತದಾರರ ಪಟ್ಟಿಯಲ್ಲಿ ಮಹಿಳೆಯರ ಸಂಖ್ಯೆ ಅತ್ಯಲ್ಪವಾಗಿತ್ತು.

2. ಮಹಿಳೆಯರು ಮತ ನೀಡಬಹುದಾಗಿತ್ತೇ ಹೊರತು ಪರಿಷತ್ತಿನ ಸದಸ್ಯರಾಗುವಂತಿರಲಿಲ್ಲ. ಈ ನಿರ್ಬಂಧವನ್ನು ತೆಗೆದುಹಾಕಲು ನಿಯಮಗಳಿಗೆ ತಿದ್ದುಪಡಿಯಾದುದು 1926ರಲ್ಲಿ.

1926ರ ಚುನಾವಣೆ

ನಿಯಮಗಳು ಬದಲಾದ ವರ್ಷದ ಕೊನೆಯ ತಿಂಗಳುಗಳಲ್ಲಿಯೇ ಮದ್ರಾಸ್ ಶಾಸನ ಪರಿಷತ್ತಿನ ಚುನಾವಣೆ ನಡೆಯಬೇಕಾಗಿತ್ತು. ದೊರೆತ ಹಕ್ಕನ್ನು ತಕ್ಷಣ ಬಳಸದಿದ್ದಲ್ಲಿ ಮುಂದಿನ ಚುನಾವಣೆಯವರೆಗೆ ಕಾಯಬೇಕಾಗಿತ್ತು. ಒಬ್ಬ ಮಹಿಳೆಯಾದರೂ ಚುನಾವಣೆಗೆ ನಿಲ್ಲಲೇಬೇಕೆಂದು ಶ್ರೀಮತಿ ಕಸಿನ್ಸ್ ಅವರು ನಿಶ್ಚಯಿಸಿ, ಕಮಲಾದೇವಿಯವರನ್ನು ಒತ್ತಾಯಿಸಿದರು. ಕಮಲಾದೇವಿಯವರಿಗೆ ಚುನಾವಣೆಯ ಅನುಭವವಿರಲಿಲ್ಲ. ಸಿದ್ಧತೆಗೆ ಸಮಯವೂ ಇರಲಿಲ್ಲ. ಆದರೂ ಅವರು ಒಪ್ಪಿ, ಮಂಗಳೂರಿನಿಂದ ಪಕ್ಷೇತರ ಅಭ್ಯರ್ಥಿಯಾಗಿ ನಿಂತರು.

ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರನ್ನು ನೋಂದಾಯಿಸಿಕೊಳ್ಳುವುದರಿಂದಲೇ ಅವರ ಕಾರ್ಯ ಆರಂಭವಾಗಬೇಕಾಯಿತು. ಪ್ರಚಾರಕ್ಕೆ ಉಳಿದಿದ್ದುದು ಕೆಲವೇ ದಿನಗಳು. ಅವರ ಹಿಂದೆ ಪಕ್ಷದ ಬಲವಿರಲಿಲ್ಲ. ಶ್ರೀಮತಿ ಕಸಿನ್ಸ್ ಮತ್ತು ಅವರೊಂದಿಗೆ ಬಂದ ಮಹಿಳಾ ಕಾರ್ಯಕರ್ತೆಯರು ಪ್ರಚಾರದ ಭಾರವನ್ನು ಹೊತ್ತರು. ಮತ ಕೇಳಬೇಕಾಗಿದ್ದುದು ಬಹುಮಟ್ಟಿಗೆ ಪುರುಷ ಮತದಾರರನ್ನೇ. ವಿಧವೆಯಾಗಿ ಮರುಮದುವೆಯಾದ, ಜಾತಿಯ ಎಲ್ಲೆ ಮೀರಿದ ಇಪ್ಪತ್ಮೂರು ವರ್ಷದ ಯುವತಿಯೊಬ್ಬರು ತಮ್ಮ ಹುಟ್ಟೂರಿನ ಗಣ್ಯರ ಬಳಿಗೆ ಮತಯಾಚನೆಗೆ ಹೋಗುವುದು ಅಂದಿನ ಕಾಲದಲ್ಲಿ ಸಾಮಾನ್ಯ ಸಂಗತಿಯಾಗಿರಲಿಲ್ಲ.

ಮತ ಎಣಿಕೆಯಾದಾಗ ಕಮಲಾದೇವಿಯವರು ಅತ್ಯಲ್ಪ ಮತಗಳ ಅಂತರದಿಂದ ಪರಾಭವಗೊಂಡಿದ್ದರು. ಅವರ ಜೀವನಚರಿತ್ರೆಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಸಂಖ್ಯೆ 55. ಕೆಲವೇ ದಿನಗಳ ಪ್ರಚಾರದಲ್ಲಿ ಇಷ್ಟು ಸಮೀಪಕ್ಕೆ ಬಂದುದು, ಮಹಿಳಾ ಅಭ್ಯರ್ಥಿಗೆ ಜನರು ಮತ ನೀಡುವುದಿಲ್ಲವೆಂಬ ನಂಬಿಕೆಯನ್ನು ಸುಳ್ಳಾಗಿಸಿತು.

ಚುನಾವಣೆಯ ನಂತರ ಡಾ. ಎಸ್. ಮುತ್ತುಲಕ್ಷ್ಮಿ ರೆಡ್ಡಿ ಅವರನ್ನು ಮದ್ರಾಸ್ ಶಾಸನ ಪರಿಷತ್ತಿಗೆ ನಾಮನಿರ್ದೇಶನ ಮಾಡಲಾಯಿತು. ಅವರು ಪರಿಷತ್ತಿನ ಉಪಾಧ್ಯಕ್ಷರಾಗಿಯೂ ಆಯ್ಕೆಯಾಗಿ, ದೇವದಾಸಿ ಪದ್ಧತಿಯ ನಿರ್ಮೂಲನೆಗಾಗಿ ಶ್ರಮಿಸಿದರು. ಶಾಸನಸಭೆಯಲ್ಲಿ ಒಬ್ಬ ಮಹಿಳೆಯಿದ್ದರೆ ಯಾವ ವಿಷಯಗಳು ಚರ್ಚೆಗೆ ಬರುತ್ತವೆಂಬುದಕ್ಕೆ ಅವರ ಕಾರ್ಯ ನಿದರ್ಶನವಾಯಿತು.

ಅಖಿಲ ಭಾರತ ಮಹಿಳಾ ಸಮ್ಮೇಳನ

ಸೋಲಿನಿಂದ ಕಮಲಾದೇವಿಯವರು ಸಾರ್ವಜನಿಕ ಜೀವನದಿಂದ ಹಿಂದೆ ಸರಿಯಲಿಲ್ಲ. 1927ರ ಜನವರಿಯಲ್ಲಿ ಪುಣೆಯಲ್ಲಿ ಅಖಿಲ ಭಾರತ ಮಹಿಳಾ ಸಮ್ಮೇಳನವು ಅಸ್ತಿತ್ವಕ್ಕೆ ಬಂದಿತು. ಅದರ ಸಂಘಟನಾ ಕಾರ್ಯದರ್ಶಿಯಾಗಿ ಕಮಲಾದೇವಿಯವರು ದೇಶದಾದ್ಯಂತ ಸಂಚರಿಸಿದರು. ಬಾಲ್ಯವಿವಾಹ ನಿಷೇಧ, ಹೆಣ್ಣುಮಕ್ಕಳ ಶಿಕ್ಷಣ, ಮಹಿಳೆಯರ ಆಸ್ತಿ ಹಕ್ಕು ಮುಂತಾದ ವಿಷಯಗಳನ್ನು ಸಮ್ಮೇಳನವು ಕೈಗೆತ್ತಿಕೊಂಡಿತು. ವಿವಾಹಕ್ಕೆ ಕನಿಷ್ಠ ವಯಸ್ಸನ್ನು ಗೊತ್ತುಪಡಿಸುವ ಶಾರದಾ ಕಾಯ್ದೆಯು 1929ರಲ್ಲಿ ಅಂಗೀಕಾರವಾಯಿತು. ಮಹಿಳೆಯರ ಉನ್ನತ ಶಿಕ್ಷಣಕ್ಕಾಗಿ 1932ರಲ್ಲಿ ದೆಹಲಿಯಲ್ಲಿ ಲೇಡಿ ಇರ್ವಿನ್ ಕಾಲೇಜು ಆರಂಭವಾದುದರ ಹಿಂದೆಯೂ ಸಮ್ಮೇಳನದ ಪ್ರಯತ್ನವಿತ್ತು. ಮುಂದೆ ಕಮಲಾದೇವಿಯವರು ಈ ಸಂಸ್ಥೆಯ ಅಧ್ಯಕ್ಷರೂ ಆದರು.

ಉಪ್ಪಿನ ಸತ್ಯಾಗ್ರಹ

1930ರ ದಂಡಿ ಯಾತ್ರೆಯ ತಂಡದಲ್ಲಿ ಗಾಂಧೀಜಿಯವರು ಮಹಿಳೆಯರನ್ನು ಸೇರಿಸಿಕೊಂಡಿರಲಿಲ್ಲ. ಕಮಲಾದೇವಿಯವರು ಅವರನ್ನು ಭೇಟಿಯಾಗಿ, ಸತ್ಯಾಗ್ರಹದಲ್ಲಿ ಮಹಿಳೆಯರಿಗೂ ಅವಕಾಶ ನೀಡಬೇಕೆಂದು ಮನವೊಲಿಸಿದರು. ಮುಂಬಯಿಯ ಕಡಲತೀರದಲ್ಲಿ ಶ್ರೀಮತಿ ಅವಂತಿಕಾಬಾಯಿ ಗೋಖಲೆ ಮತ್ತಿತರರೊಂದಿಗೆ ಉಪ್ಪು ತಯಾರಿಸಿ ಕಾನೂನನ್ನು ಮುರಿದರು. ನೂಕುನುಗ್ಗಲಿನಲ್ಲಿ ರಾಷ್ಟ್ರಧ್ವಜವು ನೆಲಕ್ಕೆ ಬೀಳದಂತೆ ಹಿಡಿದು ಕಾಪಾಡಿದ ಘಟನೆಯಿಂದ ಅವರ ಹೆಸರು ದೇಶಕ್ಕೆಲ್ಲ ತಿಳಿಯಿತು. ಮುಂಬಯಿಯ ಷೇರುಪೇಟೆಯನ್ನು ಪ್ರವೇಶಿಸಿ ಉಪ್ಪಿನ ಪೊಟ್ಟಣಗಳನ್ನು ಮಾರಿದರು. ಇದಕ್ಕಾಗಿ ಬಂಧನಕ್ಕೊಳಗಾಗಿ ಸೆರೆಮನೆವಾಸ ಅನುಭವಿಸಿದರು. ಸ್ವಾತಂತ್ರ್ಯ ಹೋರಾಟದ ಅವಧಿಯಲ್ಲಿ ಅವರು ಹಲವು ಬಾರಿ ಸೆರೆಮನೆಗೆ ಹೋದರು. 1936ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷದ ಅಧ್ಯಕ್ಷರಾಗಿದ್ದರು.

ನಿರಾಶ್ರಿತರ ಪುನರ್ವಸತಿ

1947ರಲ್ಲಿ ದೇಶ ವಿಭಜನೆಯಾದಾಗ ಲಕ್ಷಾಂತರ ಜನರು ಮನೆಮಠ ಕಳೆದುಕೊಂಡು ಭಾರತಕ್ಕೆ ಬಂದರು. ನಿರಾಶ್ರಿತರಿಗೆ ಕೇವಲ ದಾನ ನೀಡುವುದರಿಂದ ಅವರ ಬದುಕು ನಿಲ್ಲಲಾರದೆಂದು ಕಮಲಾದೇವಿಯವರು ಅರಿತಿದ್ದರು. ಸಹಕಾರ ತತ್ವದ ಮೇಲೆ ಅವರೇ ತಮ್ಮ ನೆಲೆಯನ್ನು ಕಟ್ಟಿಕೊಳ್ಳುವಂತಾಗಬೇಕೆಂದು 1948ರಲ್ಲಿ ಭಾರತೀಯ ಸಹಕಾರ ಒಕ್ಕೂಟವನ್ನು ಸ್ಥಾಪಿಸಿದರು. ದೆಹಲಿಯ ಸಮೀಪದ ಛತ್ತರಪುರದಲ್ಲಿ ಸಹಕಾರಿ ಬೇಸಾಯವನ್ನು ಆರಂಭಿಸಲಾಯಿತು. ವಾಯವ್ಯ ಗಡಿನಾಡಿನಿಂದ ಬಂದ ಸಹಸ್ರಾರು ನಿರಾಶ್ರಿತರಿಗಾಗಿ ಫರೀದಾಬಾದಿನಲ್ಲಿ ಹೊಸ ಪಟ್ಟಣವೊಂದು ನಿರ್ಮಾಣವಾಯಿತು. ಮನೆ, ರಸ್ತೆ, ಶಾಲೆಗಳ ನಿರ್ಮಾಣದಲ್ಲಿ ನಿರಾಶ್ರಿತರೇ ದುಡಿದು ಕೂಲಿ ಪಡೆದರು. ಶ್ರೀ ಲಕ್ಷ್ಮೀಚಂದ್ ಜೈನ್ ಅವರಂತಹ ಯುವ ಕಾರ್ಯಕರ್ತರು ಈ ಕಾರ್ಯದಲ್ಲಿ ಅವರೊಂದಿಗಿದ್ದರು.

ಕರಕುಶಲ ಕಲೆಗಳಿಗೆ ಮರುಜೀವ

1952ರಲ್ಲಿ ಕೇಂದ್ರ ಸರ್ಕಾರವು ಅಖಿಲ ಭಾರತ ಕರಕುಶಲ ಮಂಡಳಿಯನ್ನು ರಚಿಸಿದಾಗ ಕಮಲಾದೇವಿಯವರು ಅದರ ಅಧ್ಯಕ್ಷರಾದರು. ಕಾರ್ಖಾನೆಯ ಸರಕುಗಳ ಪೈಪೋಟಿಯಿಂದ ಕುಶಲಕರ್ಮಿಗಳು ವೃತ್ತಿಯನ್ನು ತ್ಯಜಿಸುತ್ತಿದ್ದ ಕಾಲವದು. ಅವರು ಹಳ್ಳಿಹಳ್ಳಿಗೆ ತೆರಳಿ, ನೇಕಾರರು, ಕುಂಬಾರರು, ಬಡಗಿಗಳು, ಕಸೂತಿ ಮಾಡುವ ಮಹಿಳೆಯರನ್ನು ಅವರ ಕೆಲಸದ ಸ್ಥಳದಲ್ಲಿಯೇ ಕಂಡು, ಕೊರತೆಗಳನ್ನು ತಿಳಿದುಕೊಂಡರು. ತರಬೇತಿ ಕೇಂದ್ರಗಳನ್ನು ಸ್ಥಾಪಿಸಿ, ಮಾರಾಟಕ್ಕೆ ವ್ಯವಸ್ಥೆ ಕಲ್ಪಿಸಲಾಯಿತು. ಶ್ರೀಕಾಳಹಸ್ತಿಯ ಕಲಂಕಾರಿ, ಜೈಪುರದ ನೀಲಿ ಕುಂಭಕಲೆ ಮುಂತಾದವು ಈ ಪ್ರಯತ್ನದಿಂದ ಮರುಜೀವ ಪಡೆದವು. ಮಂಡಳಿಯ ಪ್ರಾದೇಶಿಕ ವಿನ್ಯಾಸ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ನುರಿತ ಕುಶಲಕರ್ಮಿಗಳಿಗೆ ರಾಷ್ಟ್ರ ಪ್ರಶಸ್ತಿ ನೀಡುವ ಪದ್ಧತಿ 1965ರಲ್ಲಿ ಜಾರಿಗೆ ಬಂದಿತು.

1964ರಲ್ಲಿ ಭಾರತ ಕರಕುಶಲ ಪರಿಷತ್ತನ್ನು ಸ್ಥಾಪಿಸಿದ ಕಮಲಾದೇವಿಯವರು, ಅದೇ ವರ್ಷ ರಚನೆಯಾದ ವಿಶ್ವ ಕರಕುಶಲ ಪರಿಷತ್ತಿನ ಸ್ಥಾಪಕರಲ್ಲಿಯೂ ಒಬ್ಬರು. ರಂಗಭೂಮಿ ಹಾಗೂ ಸಂಗೀತ ಕ್ಷೇತ್ರದ ಸಂಸ್ಥೆಗಳನ್ನು ಬೆಳೆಸುವುದರಲ್ಲಿಯೂ ಅವರ ಪಾತ್ರ ಹಿರಿದು.

ಗೌರವ ಮತ್ತು ಅಂತಿಮ ದಿನಗಳು

ಕಮಲಾದೇವಿಯವರಿಗೆ ಸಂದ ಪ್ರಮುಖ ಗೌರವಗಳು ಇಂತಿವೆ:

1955 – ಪದ್ಮಭೂಷಣ
1966 – ಸಮುದಾಯ ನಾಯಕತ್ವಕ್ಕಾಗಿ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ
1974 – ಸಂಗೀತ ನಾಟಕ ಅಕಾಡೆಮಿಯ ಫೆಲೋಶಿಪ್
1987 – ಪದ್ಮವಿಭೂಷಣ

ಸ್ವತಂತ್ರ ಭಾರತದಲ್ಲಿ ಅವರು ಮಂತ್ರಿಯಾಗಲಿಲ್ಲ. ಅಧಿಕಾರ ಸ್ಥಾನಗಳಿಗಿಂತ ಜನರ ನಡುವಿನ ರಚನಾತ್ಮಕ ಕಾರ್ಯವನ್ನೇ ಆರಿಸಿಕೊಂಡರು. 1986ರಲ್ಲಿ ಅವರ ಆತ್ಮಕಥನ ಪ್ರಕಟವಾಯಿತು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ, ಎಂಬತ್ತೈದನೆಯ ವಯಸ್ಸಿನಲ್ಲಿ, ನಿಧನರಾದರು.

ಅವರ ನಂತರ ವಿಸ್ತಾರವಾದ ಹಕ್ಕುಗಳು

ಬಾಲ್ಯದಲ್ಲಿ ಅವರ ತಾಯಿ ಮತ್ತು ಅವರು ಕಳೆದುಕೊಂಡ ಹಕ್ಕು ಹಾಗೂ 1926ರಲ್ಲಿ ಅವರು ಬಯಸಿದ ಪ್ರಾತಿನಿಧ್ಯ, ಇವೆರಡೂ ಹಂತಹಂತವಾಗಿ ಕಾನೂನಿನ ರೂಪ ಪಡೆದವು.

1937ರ ಕಾಯ್ದೆಯು ಹಿಂದೂ ವಿಧವೆಯರಿಗೆ ಪತಿಯ ಆಸ್ತಿಯಲ್ಲಿ ಸೀಮಿತ ಹಕ್ಕನ್ನು ನೀಡಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯು ಪತ್ನಿ ಮತ್ತು ಪುತ್ರಿಯರನ್ನು ವಾರಸುದಾರರೆಂದು ಮಾನ್ಯ ಮಾಡಿತು. ಕರ್ನಾಟಕವು 1994ರಲ್ಲಿ ತಿದ್ದುಪಡಿ ತಂದು, ಪಿತ್ರಾರ್ಜಿತ ಆಸ್ತಿಯಲ್ಲಿ ಪುತ್ರಿಯರಿಗೆ ಪುತ್ರರಂತೆಯೇ ಹಕ್ಕು ನೀಡಿತು. 2005ರಲ್ಲಿ ಇದೇ ತತ್ವವು ಕೇಂದ್ರ ಕಾಯ್ದೆಯಲ್ಲಿ ಸೇರಿತು.

ಸಂವಿಧಾನವು ಆಸ್ತಿ, ವಿದ್ಯೆ, ಲಿಂಗಗಳ ಭೇದವಿಲ್ಲದೆ ಎಲ್ಲ ವಯಸ್ಕರಿಗೂ ಮತದಾನದ ಹಕ್ಕು ನೀಡಿತು. ಅದರಂತೆ ಪ್ರಥಮ ಸಾರ್ವತ್ರಿಕ ಚುನಾವಣೆ 1951–52ರಲ್ಲಿ ನಡೆಯಿತು. 1972ರಲ್ಲಿ ಶ್ರೀಮತಿ ಕೆ. ಎಸ್. ನಾಗರತ್ನಮ್ಮ ಅವರು ರಾಜ್ಯ ವಿಧಾನಸಭೆಯ ಪ್ರಥಮ ಮಹಿಳಾ ಅಧ್ಯಕ್ಷರಾದರು. ಸಂವಿಧಾನದ 73 ಮತ್ತು 74ನೆಯ ತಿದ್ದುಪಡಿಗಳು 1993ರಲ್ಲಿ ಜಾರಿಗೆ ಬಂದು, ಸ್ಥಳೀಯ ಸಂಸ್ಥೆಗಳಲ್ಲಿ ಮಹಿಳೆಯರಿಗೆ ಕನಿಷ್ಠ ಮೂರನೆಯ ಒಂದು ಭಾಗ ಸ್ಥಾನಗಳನ್ನು ಮೀಸಲಿರಿಸಿದವು. ಕರ್ನಾಟಕವು ಪಂಚಾಯತಿಗಳಲ್ಲಿ ಈ ಪ್ರಮಾಣವನ್ನು ನಂತರ ಅರ್ಧಕ್ಕೆ ಹೆಚ್ಚಿಸಿತು. ಲೋಕಸಭೆ ಮತ್ತು ವಿಧಾನಸಭೆಗಳಲ್ಲಿ ಮಹಿಳೆಯರಿಗೆ ಮೂರನೆಯ ಒಂದು ಭಾಗ ಸ್ಥಾನಗಳನ್ನು ಮೀಸಲಿಡುವ 106ನೆಯ ತಿದ್ದುಪಡಿಯನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿತು.

ಸಾರ್ವಜನಿಕರ ಗಮನಕ್ಕೆ

ಕಮಲಾದೇವಿಯವರು ಚುನಾವಣೆಗೆ ನಿಲ್ಲಲು ಮೊದಲು ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಬೇಕಾಯಿತು. ಈ ನಿಯಮ ಇಂದಿಗೂ ಹಾಗೆಯೇ ಇದೆ.

1. 18 ವರ್ಷ ತುಂಬಿದ ಭಾರತೀಯ ನಾಗರಿಕರು ತಾವು ವಾಸವಾಗಿರುವ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಲು ನಮೂನೆ-6ರಲ್ಲಿ ಅರ್ಜಿ ಸಲ್ಲಿಸಬೇಕು. ಅರ್ಜಿಯನ್ನು ಮತಗಟ್ಟೆ ಮಟ್ಟದ ಅಧಿಕಾರಿಗೆ ನೀಡಬಹುದು.

2. ಹೆಸರು, ವಿಳಾಸ ಮುಂತಾದ ವಿವರಗಳ ತಿದ್ದುಪಡಿಗೆ ನಮೂನೆ-8ನ್ನು ಬಳಸಬೇಕು.

3. ವಿಧಾನಸಭೆಗೆ ಸ್ಪರ್ಧಿಸುವವರಿಗೆ 25 ವರ್ಷ ತುಂಬಿರಬೇಕು. ಅವರ ಹೆಸರು ರಾಜ್ಯದ ಯಾವುದಾದರೊಂದು ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿರಬೇಕು.

4. ಪಕ್ಷೇತರ ಅಭ್ಯರ್ಥಿಯ ನಾಮಪತ್ರಕ್ಕೆ ಆ ಕ್ಷೇತ್ರದ ಹತ್ತು ಮಂದಿ ಮತದಾರರು ಸೂಚಕರಾಗಿ ಸಹಿ ಮಾಡಬೇಕು.

5. ಮತದಾರರ ಪಟ್ಟಿಯ ಬಗ್ಗೆ ಮಾಹಿತಿ ಬೇಕಾದವರು ಸಹಾಯವಾಣಿ 1950ಕ್ಕೆ ಕರೆ ಮಾಡಬಹುದು.

ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದ ಮಹಿಳೆಯರು, ವಿಶೇಷವಾಗಿ ವಿವಾಹದ ನಂತರ ಊರು ಬದಲಾಯಿಸಿದವರು, ಚುನಾವಣೆ ಸಮೀಪಿಸುವವರೆಗೆ ಕಾಯದೆ ಮುಂಚಿತವಾಗಿಯೇ ಅರ್ಜಿ ಸಲ್ಲಿಸುವುದು ಸೂಕ್ತ. 1926ರಲ್ಲಿ ಕೆಲವೇ ಮತಗಳಿಂದ ಕೈತಪ್ಪಿದ ಒಂದು ಸ್ಥಾನವು ಪ್ರತಿಯೊಂದು ಮತದ ಬೆಲೆಯನ್ನು ತಿಳಿಸುತ್ತದೆ.